ಒದ್ದೆ ಬಟ್ಟೆಯಲ್ಲಿ ಸುತ್ತಿದ ಅಬ್ಬಲಿಗೆ

ಹೂವಿನ ಹೊಸ ತಳಿ ತೆಗೆಯುವ ಕೆಲಸಕ್ಕೆ ಸೇರುವ ಹುಡುಗಿಯರು ಆಗೊಮ್ಮೆ ಈಗೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ನಿಮ್ಮ ಲ್ಯಾಬ್ ಹೇಗಿತ್ತು ಎಂದು. ಲ್ಯಾಬ್ ಎಂದರೆ ತಗಡು ಹೊದಿಸಿದ ಒಂದು ಶೆಡ್ಡು, ಎರಡು ಉದ್ದನೆಯ ಮೇಜು, ಗೋಡೆಗೆ ಒಂದು ಹಲ್ಲಿ. ಎರಡನೆಯ ಪ್ರಶ್ನೆ, ಎಷ್ಟು ತಳಿ ತೆಗೆದಿರಿ ಎಂಬುದು. ಎಷ್ಟು ಎಸೆದಿರಿ ಎಂದು ಕೇಳಿದರೆ ಸಂತೋಷದಿಂದ ಹೇಳಬಲ್ಲೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಎಸೆಯುವುದೇ. ಬೀಜ ಹಾಕಿ, ಸಸಿ ಎಬ್ಬಿಸಿ, ಆರು ತಿಂಗಳು ಮಗುವಿನಂತೆ ನೋಡಿಕೊಂಡು, ಮೊದಲ ಹೂವು ಅರಳಿದ ದಿನವೇ "ಇದು ಬೇಡ" ಎಂದು ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು. ಹಾಗೆ ಹಾಕಲು ಮನಸ್ಸಾಗದವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ನಾನು ಧಾರವಾಡದವಳು. ಎರಡು ಸಾವಿರದ ಇಸವಿಯಲ್ಲಿ ಗೋವೆಗೆ ಹೋದೆ, ಹನ್ನೆರಡು ವರ್ಷ ಅಲ್ಲಿದ್ದು ನಿವೃತ್ತಳಾದೆ. ವೆರ್ಣಾದ ಕಾರ್ಖಾನೆಗಳು ಮುಗಿದ ಮೇಲೆ ಬರುವ ಬಯಲಿನಲ್ಲಿ ನಮ್ಮ ಸಸ್ಯಕ್ಷೇತ್ರವಿತ್ತು. ಔಷಧಿ ಕಾರ್ಖಾನೆಯ ಬೆಳಗಿನ ಪಾಳಿಯ ಬಸ್ಸು ನನ್ನನ್ನು ಗೇಟಿನಲ್ಲಿ ಇಳಿಸಿ ಹೋಗುತ್ತಿತ್ತು. ನೆಲವೆಲ್ಲ ಕೆಂಪು ಕಲ್ಲು, ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಹಾಗಾಗಿ ನಮ್ಮದೆಲ್ಲ ಕುಂಡದ ಬೇಸಾಯ. ನಾವು ಮಾಡುತ್ತಿದ್ದದ್ದು ಮುಖ್ಯವಾಗಿ ಅಬ್ಬಲಿಗೆ. ಬೆಂಗಳೂರಿನವರು ಕನಕಾಂಬರ ಎನ್ನುತ್ತಾರೆ, ಗೋವೆಯವರು ಅಬೋಲಿ. ಕಿತ್ತಳೆ ಬಣ್ಣದ, ವಾಸನೆಯಿಲ್ಲದ, ಹೆಂಗಸರ ತುರುಬಿಗಾಗಿಯೇ ಹುಟ್ಟಿದಂತಿರುವ ಹೂವು. ಅದಕ್ಕೆ ಹೊಸ ಬಣ್ಣ, ಹೊಸ ಆಕಾರ ತರುವುದು ನಮ್ಮ ಕೆಲಸ.

ನನ್ನ ಮೇಲಧಿಕಾರಿ ಮಾರ್ಟಿನ್ ಸಾಹೇಬರು. ಮಡಗಾಂವಿನ ಕಡೆಯವರು, ಒಣಕಲು ಮೈ, ಸಿಟ್ಟು ಬಂದರೆ ಧ್ವನಿ ಇನ್ನೂ ತಗ್ಗಿಸುವ ಮನುಷ್ಯ. ನನ್ನೊಡನೆ ಹಿಂದಿ ಇಂಗ್ಲಿಷು ಬೆರೆಸಿ ಮಾತಾಡುತ್ತಿದ್ದರು, ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಾನು ಸೇರಿದ ಮೊದಲ ದಿನ ಅವರು ಅಬ್ಬಲಿಗೆಯ ಒಂದು ಒಣಗಿದ ಕಾಯಿ ಕೈಗಿಟ್ಟು, "ಬಾಯ್, ಇದನ್ನು ನಾಲಿಗೆಯ ಮೇಲಿಡು" ಎಂದರು. ಗೋವೆಯಲ್ಲಿ ಹೆಂಗಸರನ್ನು ಬಾಯ್ ಎಂದೇ ಕರೆಯುವುದು. ನಾನು ಎಂ.ಎಸ್ಸಿ. ಮುಗಿಸಿ, ಹತ್ತಾರು ವರ್ಷ ಬೇರೆ ಕಡೆ ದುಡಿದು ಬಂದವಳು. ಇದೇನು ಮಕ್ಕಳಾಟ ಎಂದುಕೊಂಡು ಇಟ್ಟುಕೊಂಡೆ. ನಾಲ್ಕೈದು ಕ್ಷಣ ಏನೂ ಇಲ್ಲ. ಆಮೇಲೆ ಚಟ್ಟೆಂದು ಬಾಯೊಳಗೇ ಸಿಡಿಯಿತು. ನಾನು ಬೆಚ್ಚಿ ಉಗಿದೆ. ಬೀಜ ಅವರ ಕನ್ನಡಕಕ್ಕೆ ಹೋಗಿ ಅಂಟಿತು.

ಅವರು ಕನ್ನಡಕ ಒರೆಸಿಕೊಂಡು ಹೇಳಿದ್ದು ಇಷ್ಟೇ: "ಒಣಗಿದ ಕಾಯಿಗೆ ನೀರು ತಾಗಿದರೆ ಸಿಡಿಯುತ್ತದೆ. ಒಂದು ಕಾಯಲ್ಲಿ ಬರೀ ನಾಲ್ಕು ಬೀಜ. ಎಲ್ಲಿ ಹಾರಿತು ಎಂದು ಹುಡುಕಲು ಆಗುವುದಿಲ್ಲ. ಈ ಶೆಡ್ಡಿನಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡ." ಮರೆಯುವುದುಂಟೇ ಎಂದುಕೊಂಡೆ. ನಾಲಿಗೆ ಮಧ್ಯಾಹ್ನದವರೆಗೆ ಚುರುಗುಟ್ಟುತ್ತಿತ್ತು.

ಕೆಲಸದ ರೀತಿ ಹೀಗಿತ್ತು. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆ ಗುರುತಿಸಬೇಕು. ಅದರ ಎಸಳಿನ ಕೊಳವೆಯನ್ನು ಚಿಮುಟದಿಂದ ಮೆಲ್ಲಗೆ ಎಳೆದರೆ ಗಂಡು ಕೇಸರಗಳೂ ಅದರ ಜೊತೆಗೆ ಬಂದುಬಿಡುತ್ತವೆ, ಹೆಣ್ಣು ತುದಿ ಮಾತ್ರ ಉಳಿಯುತ್ತದೆ. ಅದಕ್ಕೆ ಕಾಗದದ ಟೋಪಿ. ಮರುದಿನ ಬೆಳಿಗ್ಗೆ ಬೇಕಾದ ಗಿಡದ ಪರಾಗ ತಂದು ಸವರಿ, ತಾಯಿ ಯಾವುದು, ತಂದೆ ಯಾವುದು ಎಂದು ಚೀಟಿ ಕಟ್ಟಬೇಕು. ಚೀಟಿ ಹೋದರೆ ಎಲ್ಲ ಹೋದಂತೆ. ಎಂಥ ಚೆಂದದ ಗಿಡ ಬಂದರೂ ಅದರ ಹಿಂದುಮುಂದು ಗೊತ್ತಿಲ್ಲದಿದ್ದರೆ ಇನ್ನೊಂದನ್ನು ಹಾಗೇ ತೆಗೆಯಲಾಗದು. ಮೊದಲ ವರ್ಷ ನಾನು ದುಂಡನೆಯ ಅಕ್ಷರದಲ್ಲಿ ಪೆನ್ನಿನಿಂದ ಚೀಟಿ ಬರೆದೆ. ಜೂನ್ ತಿಂಗಳ ಮೊದಲ ಮಳೆಗೆ ಎಲ್ಲವೂ ನೀಲಿ ನೀರಾಗಿ ಹರಿದುಹೋದವು. ಇಡೀ ವರ್ಷದ ಗಿಡಗಳು ಅನಾಥವಾದವು. ಮಾರ್ಟಿನ್ ಸಾಹೇಬರು ಬೈಯಲಿಲ್ಲ, ಮರುದಿನ ನನ್ನ ಮೇಜಿನ ಮೇಲೆ ಒಂದು ಡಜನ್ ಪೆನ್ಸಿಲ್ ಇಟ್ಟಿದ್ದರು. ಪೆನ್ಸಿಲ್ ಗುರುತು ಮಳೆಗೆ ಜಗ್ಗುವುದಿಲ್ಲ. ಈಗಲೂ ನಾನು ಹಾಲಿನ ಚೀಟಿ ಬರೆಯುವುದು ಪೆನ್ಸಿಲಿನಲ್ಲೇ.

ಯಲ್ಲವ್ವ ಬಂದದ್ದು ಮೂರನೆಯ ವರ್ಷ. ವಿಜಾಪುರದ ಕಡೆಯವಳು. ಗಂಡ ದಾಬೋಲಿಮ್ಮಿನ ವಿಮಾನ ನಿಲ್ದಾಣದ ಬಳಿ ಕಟ್ಟಡದ ಕೆಲಸಕ್ಕಿದ್ದ. ಅವಳನ್ನು ತೆಗೆದುಕೊಂಡದ್ದು ಶೆಡ್ಡು ಗುಡಿಸಿ, ಸಸಿಗಳಿಗೆ ಝಾರಿಯಲ್ಲಿ ನೀರು ಹಾಕಲೆಂದು. ಎರಡು ವಾರ ಸುಮ್ಮನೆ ನೋಡಿದಳು. ಒಂದು ದಿನ ಸಾಹೇಬರೂ ನಾನೂ ಹೊಸದೊಂದು ಹಳದಿ ಗಿಡದ ಮುಂದೆ ನಿಂತು ಹಿಗ್ಗುತ್ತಿದ್ದೆವು. ನಿಂಬೆಹಣ್ಣಿನ ಬಣ್ಣ, ಬೀಸಣಿಗೆಯಂಥ ಅಗಲವಾದ ಎಸಳು. ಮಾರ್ಟಿನ್ ಸಾಹೇಬರಿಗಂತೂ ಅದರ ಮೇಲೆ ಪ್ರಾಣ. ಯಲ್ಲವ್ವ ಹಿಂದಿನಿಂದ ಕೇಳಿದಳು.

"ಅಕ್ಕಾರ, ಇದನ್ನ ಕಟ್ಟಿ ನೋಡೀರೇನ್ರಿ?"

"ಎಲ್ಲಿ ಕಟ್ಟೂದು?"

"ದಂಡಿ ಕಟ್ಟೂದ್ರಿ. ಮುಡ್ಕೊಳ್ಳೂ ಹೂವಲ್ರಿ ಇದು? ಕುಂಡ ತಲಿ ಮ್ಯಾಲೆ ಇಟ್ಕೊಂಡು ಅಡ್ಡಾಡಾಕ ಬರ್ತೈತೇನ್ರಿ?"

ಸಾಹೇಬರಿಗೆ ಅರ್ಥ ಹೇಳಿದೆ. ಅವರು ನಕ್ಕು ಒಂದು ಹಿಡಿ ಹೂ ಕಿತ್ತು ಕೊಟ್ಟರು. ಯಲ್ಲವ್ವ ನೆಲಕ್ಕೆ ಕುಳಿತು ದಾರ ಸುತ್ತಿದಳು. ಮೂರನೆಯ ಗಂಟಿಗೆ ಹೂವಿನ ಕುತ್ತಿಗೆ ಕಡಿದು ಬಿತ್ತು. "ಕೊಳವಿ ಗಿಡ್ಡ ಐತ್ರಿ, ದಾರ ಹಿಡಿಯಂಗಿಲ್ಲ" ಎಂದಳು. ಹೇಗೋ ಒಂದು ಗೇಣು ಕಟ್ಟಿ ಮುಡಿದುಕೊಂಡು ಬಿಸಿಲಿಗೆ ಹೋದಳು. ಊಟದ ಹೊತ್ತಿಗೆ ಅದು ಅರಿಶಿನ ಹಚ್ಚಿದ ಚಿಂದಿಯ ಹಾಗಾಗಿತ್ತು. ಎರಡು ವರ್ಷದ ಕೆಲಸ ಅರ್ಧ ದಿನದಲ್ಲಿ ಗೊಬ್ಬರದ ಗುಂಡಿಗೆ ಹೋಯಿತು.

ಮಾರ್ಟಿನ್ ಸಾಹೇಬರು ಅಂದೇ ರಿಜಿಸ್ಟರಿನಲ್ಲಿ ಬಣ್ಣ, ಎತ್ತರ, ತೆನೆಯ ಉದ್ದ ಎಂಬ ಅಂಕಣಗಳ ಪಕ್ಕದಲ್ಲಿ ಗೆರೆ ಎಳೆದು, ಹೊಸದೊಂದು ಅಂಕಣಕ್ಕೆ "ತಲೆ" ಎಂದು ಹೆಸರಿಟ್ಟರು. ಅಂದಿನಿಂದ ಯಾವ ಗಿಡವೂ ಯಲ್ಲವ್ವನ ತಲೆ ದಾಟದೆ ಮುಂದೆ ಹೋಗುತ್ತಿರಲಿಲ್ಲ. ನನ್ನ ತಲೆ ಆಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ನೀನು ನೆರಳಿನಲ್ಲಿ ಕುಳಿತು ಬರೆಯುವವಳು ಬಾಯ್. ಬಿಸಿಲಲ್ಲಿ ದುಡಿಯುವ ತಲೆ ಬೇಕು" ಎಂದರು. ಮುಖ ಸಣ್ಣದಾಯಿತು, ಆದರೆ ಮಾತು ಸರಿಯಾಗಿತ್ತು. ಯಲ್ಲವ್ವ ದಿನಕ್ಕೊಂದು ಬಣ್ಣದ ದಂಡೆ ಮುಡಿದು ಠೀವಿಯಿಂದ ಓಡಾಡುತ್ತಿದ್ದಳು. ಸಂಜೆ ನನ್ನ ಮೇಜಿನ ಮುಂದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು, ನಾನು ನೋಡಿ ಬರೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ನಾವಿಬ್ಬರೂ ಶೆಡ್ಡಿನಲ್ಲೇ ಉಣ್ಣುತ್ತಿದ್ದೆವು. ನನ್ನ ಡಬ್ಬಿಯ ಚಪಾತಿ ಅವಳಿಗೆ, ಅವಳ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನಗೆ.

ಕೊಳ್ಳುವವರ ಕಥೆ ಬೇರೆಯೇ. ನಮ್ಮ ಕುಂಡಗಳು ಹೆಚ್ಚಾಗಿ ಕಲಂಗುಟ್ಟಿನ ಹೋಟೆಲುಗಳಿಗೆ ಹೋಗುತ್ತಿದ್ದವು. ಒಬ್ಬ ಮ್ಯಾನೇಜರು ಪರದೆಯ ಬಟ್ಟೆಯ ಒಂದು ಚೂರು ತಂದು, ಈ ಬಣ್ಣದ ಹೂವು ಬೇಕು ಎಂದ. ಮಾರ್ಟಿನ್ ಸಾಹೇಬರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಎಷ್ಟು ಮೀಟರು ಬೇಕು?" ಎಂದು ಕೇಳಿದರು. ಅವನು ಮತ್ತೆ ಬರಲಿಲ್ಲ. ಹೀಗೆ ಮಾತಾಡಿದರೆ ವ್ಯಾಪಾರ ಹೇಗೆ ಆಗಬೇಕು? ನಮ್ಮ ಮಾಲೀಕರಿಗೂ ಅದೇ ಅನ್ನಿಸಲು ತೊಡಗಿತ್ತು. ಪುಣೆಯಿಂದ ಬೆಳೆದ ಸಸಿ ತಂದು ಮಾರಿದರಾಯಿತು, ಈ ತಳಿಯ ಶೆಡ್ಡು ಯಾಕೆ ಎಂದು ಅವರು ಎರಡು ಮೂರು ಸಲ ಅಂದದ್ದು ನಮ್ಮ ಕಿವಿಗೂ ಬಿದ್ದಿತ್ತು.

ಆ ಹೊತ್ತಿನಲ್ಲೇ ಗುಲಾಬಿ ಬಣ್ಣದ ಅಬ್ಬಲಿಗೆ ಬಂತು. ನಾನು ಸೇರಿ ಏಳು ವರ್ಷವಾಗಿತ್ತು. ಕಿತ್ತಳೆ ಸಸಿಗಳ ಸಾಲಿನಲ್ಲಿ ಒಂದೇ ಒಂದು ಗಿಡ. ಸುಣ್ಣದ ನೀರಿಗೆ ಒಂದು ಚಿಟಿಕೆ ಕುಂಕುಮ ಕದಡಿದಂಥ ಬಣ್ಣ. ಅಬ್ಬಲಿಗೆಯಲ್ಲಿ ಅಂಥ ಬಣ್ಣವನ್ನು ನಾನು ಕಂಡಿರಲಿಲ್ಲ, ಮಾರ್ಟಿನ್ ಸಾಹೇಬರೂ ಕಂಡಿರಲಿಲ್ಲ. ಅವರು ಅದರ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು, ಆ ದಿನ ಬೇರೆ ಕೆಲಸ ಮಾಡಲಿಲ್ಲ. ಆದರೆ ಗಿಡ ಬಡಕಲು. ಬೇರಿಗೆ ಹುಳ ಬಿದ್ದಿತ್ತು. ಟೊಂಗೆ ಕತ್ತರಿಸಿ ನೆಟ್ಟರೆ ಕಪ್ಪಾಗಿ ಕೊಳೆಯುತ್ತಿತ್ತು. ಉಳಿದ ದಾರಿ ಒಂದೇ: ಅದನ್ನು ತಾಯಿಯಾಗಿ ಇಟ್ಟುಕೊಂಡು, ಗಟ್ಟಿಮುಟ್ಟಾದ ಒಂದು ಕುಳ್ಳ ಕಿತ್ತಳೆಯ ಪರಾಗ ಸವರಿ ಬೀಜ ಪಡೆಯುವುದು. ಸವರಿದೆ. ಒಂದೇ ಒಂದು ತೆನೆಯಲ್ಲಿ ಕಾಯಿ ನಿಂತವು. ಅಬ್ಬಲಿಗೆಯ ತೆನೆ ಕೆಳಗಿನಿಂದ ಅರಳುತ್ತ ಹೋಗುತ್ತದೆ, ಕೆಳಗೆ ಕಾಯಿ ಒಣಗುವಾಗ ಮೇಲೆ ಇನ್ನೂ ಹೂವಿರುತ್ತದೆ. ಆ ತೆನೆಯಲ್ಲೂ ಹಾಗೇ ಇತ್ತು. "ಕಾಯಿ ಪೂರ್ತಿ ಕಂದಾಗುವವರೆಗೆ ಅದನ್ನು ಯಾರೂ ಮುಟ್ಟಬಾರದು" ಎಂದು ಹೇಳಿ ಸಾಹೇಬರು ಕಣ್ಣಿನ ಆಪರೇಷನ್ನಿಗೆ ಮಡಗಾಂವಿಗೆ ಹೋದರು. ಮೇ ತಿಂಗಳ ಕೊನೆ.

ಅವರು ಹೋದ ಮೂರನೆಯ ದಿನ ಕಲಂಗುಟ್ಟಿನಿಂದ ಫೋನು ಬಂತು. ಒಂದು ದೊಡ್ಡ ಹೋಟೆಲಿನ ತೋಟದ ಉಸ್ತುವಾರಿ, ಹೊಸದೇನಾದರೂ ಇದ್ದರೆ ಇಂದೇ ತಂದು ತೋರಿಸಿ ಎಂದ. ನನಗೆ ಗುಲಾಬಿ ನೆನಪಾಯಿತು. ಇವನು ಅದನ್ನು ನೋಡಿ ಬಯಸಿದರೆ ಮಾಲೀಕರು ಶೆಡ್ಡು ಮುಚ್ಚುವ ಮಾತು ಬಿಡುತ್ತಾರೆ ಎಂದುಕೊಂಡೆ. ಅದು ಅರ್ಧ ಸತ್ಯ. ಇನ್ನರ್ಧ, ಆ ಬಣ್ಣವನ್ನು ಜಗತ್ತಿಗೆ ಮೊದಲು ತೋರಿಸಿದವಳು ನಾನಾಗಬೇಕು ಎಂಬ ಆಸೆ. ಕಾಯಿ ಕಂದಾಗಿದ್ದವು, ಇನ್ನೆರಡು ದಿನಕ್ಕೆ ಬಿಡಿಸುವುದಿತ್ತು. ತೆನೆ ಕತ್ತರಿಸಿದೆ. ಜೊತೆಗೆ ಹೋಲಿಸಿ ತೋರಿಸಲು ನಾಲ್ಕು ಕಿತ್ತಳೆ ತೆನೆ ತೆಗೆದುಕೊಂಡೆ. ಬಸ್ಸಿಗೆ ಹೊತ್ತಾಗಿತ್ತು. ಧಾರವಾಡದಲ್ಲಿ ನಮ್ಮವ್ವ ಪೇಟೆಯಿಂದ ಹೂ ತಂದರೆ ಬಾಡದಿರಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ಏಳನೆಯ ವಯಸ್ಸಿನಿಂದ ನಾನೂ ಹಾಗೇ ಮಾಡಿದವಳು. ಬಿಳಿ ಪಂಚೆಯ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಐದೂ ತೆನೆಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಮೊದಲು ಕಾಯಿ ಬಿಡಿಸಿಡಬೇಕು ಎಂಬುದು ಹೊಳೆಯಲೇ ಇಲ್ಲ. ಓದಿದ ಓದು, ನಾಲಿಗೆಯ ಮೇಲೆ ಸಿಡಿದ ಕಾಯಿ, ಎಲ್ಲವನ್ನೂ ಬದಿಗೆ ತಳ್ಳಿ ಮನೆಯ ರೂಢಿಯೇ ಕೈಯನ್ನು ಆಡಿಸಿತು.

ಪಣಜಿಯಲ್ಲಿ ಬಸ್ಸು ಬದಲಿಸಿ ಕುಳಿತಿದ್ದೆ. ಚೀಲ ತೊಡೆಯ ಮೇಲಿತ್ತು. ಮಾಂಡೋವಿಯ ಸೇತುವೆ ದಾಟುವಾಗ ಚೀಲದೊಳಗೆ ಏನೋ ಕುಟುಕಿದಂತಾಯಿತು. ಚಟ್. ಸ್ವಲ್ಪ ಹೊತ್ತಿಗೆ ಮತ್ತೆ ಚಟ್, ಚಟ್. ಪಕ್ಕದಲ್ಲಿ ಕುಳಿತಿದ್ದ ಮೀನಿನ ಬುಟ್ಟಿಯ ಹೆಂಗಸು ಚೀಲವನ್ನೂ ನನ್ನನ್ನೂ ನೋಡಿ, "ಬಾಯ್, ಜಿವಂತ್ ಕಿತೆಂ ಆಸಾ?" ಎಂದು ಕೇಳಿದಳು. ಒಳಗೆ ಜೀವಂತ ಏನಿದೆ ಎಂದು ಅವಳ ಪ್ರಶ್ನೆ. ಹೂವು ಎಂದೆ. ಅವಳು ನಂಬದೆ ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಬಿಚ್ಚಿದರೆ ಬೀಜ ಬಸ್ಸಿನ ತುಂಬ ಹಾರುತ್ತವೆ, ಬಿಚ್ಚದಿದ್ದರೆ ಉಳಿದ ಕಾಯಿಗಳೂ ಸಿಡಿಯುತ್ತವೆ. ಬಿಚ್ಚದೆ, ಎರಡೂ ಕೈಯಿಂದ ಚೀಲವನ್ನು ಒತ್ತಿ ಹಿಡಿದುಕೊಂಡು, ಒಂದೊಂದೇ ಸಿಡಿಯುವುದನ್ನು ತೊಡೆಯ ಮೇಲೆ ಎಣಿಸುತ್ತ ಕಲಂಗುಟ್ಟಿನವರೆಗೆ ಕುಳಿತೆ.

ಹೋಟೆಲಿನವನು ಬಾಡಿದ ಹೂ ನೋಡಿ, "ಬಣ್ಣ ಚೆನ್ನಾಗಿದೆ. ಡಿಸೆಂಬರಿಗೆ ಮುನ್ನೂರು ಕುಂಡ ಸಿಗುತ್ತದೆಯೇ?" ಎಂದು ಕೇಳಿದ. ನನ್ನ ಹತ್ತಿರ ಇದ್ದದ್ದು ಸಾಯುತ್ತಿದ್ದ ಒಂದು ಗಿಡ. ಬಟ್ಟೆ ಬಿಚ್ಚಿದಾಗ ಬೀಜಗಳು ಅದಕ್ಕೆ ಅಂಟಿಕೊಂಡಿದ್ದವು. ಅಬ್ಬಲಿಗೆಯ ಬೀಜ ಒದ್ದೆಯಾದರೆ ಲೋಳೆ ಬಿಡುತ್ತದೆ. ಕಿತ್ತಳೆ ತೆನೆಗಳಲ್ಲೂ ಒಣಗಿದ ಕಾಯಿಗಳಿದ್ದವು, ಅವೂ ಸಿಡಿದಿದ್ದವು. ಯಾವ ಬೀಜ ಗುಲಾಬಿಯದು, ಯಾವುದು ಕಿತ್ತಳೆಯದು ಎಂದು ಹೇಳಲು ಬ್ರಹ್ಮನಿಂದಲೂ ಸಾಧ್ಯವಿರಲಿಲ್ಲ. ಎಲ್ಲವನ್ನೂ ಆರಿಸಿ ಒಂದೇ ಪೊಟ್ಟಣಕ್ಕೆ ಹಾಕಿದೆ. ಸಂಜೆ ಶೆಡ್ಡಿಗೆ ಬಂದು ಖಾಲಿ ತೆನೆಯನ್ನು ಕಿತ್ತಳೆ ತೆನೆಗಳ ಜೊತೆ ಮೇಜಿನ ಮೇಲಿಟ್ಟೆ. ಬಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. ಸಾಹೇಬರು ಬಂದ ತಕ್ಷಣ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿಯೇ ಮನೆಗೆ ಹೋದದ್ದು.

ಅವರು ಮರುದಿನ ಬೆಳಿಗ್ಗೆಯೇ ಕಪ್ಪು ಕನ್ನಡಕ ಹಾಕಿಕೊಂಡು ಬಂದುಬಿಟ್ಟರು. ಕಾಯಿ ಬಲಿತ ಮೇಲೆ ತೆನೆ ಕತ್ತರಿಸಿ ಮೇಜಿಗೆ ತರುವುದು ರೂಢಿ, ಅವರು ನೇರ ಮೇಜಿಗೆ ಹೋಗಿ ಗುಲಾಬಿಯ ತೆನೆ ಎತ್ತಿಕೊಂಡರು. ಕಾಯಿಗಳೆಲ್ಲ ಹಕ್ಕಿಮರಿಯ ಕೊಕ್ಕಿನಂತೆ ಬಾಯಿ ತೆರೆದುಕೊಂಡಿದ್ದವು. ಪಕ್ಕದಲ್ಲೇ ಯಲ್ಲವ್ವ ಝಾರಿ ಹಿಡಿದು ನಿಂತಿದ್ದಳು, ಅದರ ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀರು ಬಿದ್ದಿದೆ. ಯಾರು?" ಎಂದರು. ಧ್ವನಿ ಬಹಳ ತಗ್ಗಿತ್ತು.

ಹೇಳಬೇಕಾದ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಹಿಂದಿನ ರಾತ್ರಿ ನಾಲ್ಕು ಸಲ ಹೇಳಿಕೊಂಡಿದ್ದೆ. ಹೊರಗೆ ಬರಲಿಲ್ಲ. ಯಲ್ಲವ್ವ ನನ್ನ ಮುಖ ನೋಡಿದಳು. ಆಮೇಲೆ ಝಾರಿಯನ್ನು ನೆಲಕ್ಕಿಟ್ಟು, "ನನ್ನ ಕೈಯಾಗಿಂದ ಸಿಡದಿರಬೇಕ್ರಿ ಸಾಯೇಬ್ರ" ಎಂದಳು.

ಆಗಲೂ ಹೇಳಬಹುದಿತ್ತು. ಸಾಹೇಬರು ತೆನೆಯ ಒಂದೊಂದೇ ಕಾಯಿಯನ್ನು ತಿರುಗಿಸಿ ನೋಡುತ್ತಿದ್ದರು. ಕೊನೆಗೆ ಅವಳಿಗೆ, "ನಾಳೆಯಿಂದ ಹೊರಗಿನ ಅಂಗಳದ ಕುಂಡಗಳಿಗೆ ನೀರು ಹಾಕು, ಶೆಡ್ಡಿಗೆ ಬರಬೇಡ" ಎಂದರು. ನನ್ನ ಕಡೆ ತಿರುಗಿ, "ಬೀಜ?" ಎಂದರು. "ಸಿಕ್ಕಷ್ಟು ಆರಿಸಿದ್ದೇನೆ. ಕಿತ್ತಳೆಯ ಬೀಜವೂ ಬೆರೆತಿರಬಹುದು" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಈಗ ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಹೊರಗಿನ ಅಂಗಳ ಎಂದರೆ ನೆರಳಿಲ್ಲದ ಜಾಗ. ಹೋಟೆಲಿಗೆ ಹೋಗುವ ಸಾವಿರಾರು ಕುಂಡ, ಅವುಗಳ ನಡುವೆ ದಪ್ಪನೆಯ ಪೈಪು ಎಳೆದುಕೊಂಡು ಓಡಾಡಬೇಕು. ಯಲ್ಲವ್ವ ತಲೆಗೆ ಹೂವಿನ ಬದಲು ಟವೆಲು ಸುತ್ತಿಕೊಂಡಳು. ಮಧ್ಯಾಹ್ನ ಅಂಗಳದ ಹೆಂಗಸರ ಜೊತೆಗೆ ಉಣ್ಣತೊಡಗಿದಳು. ಗೇಟಿನಲ್ಲಿ ಎದುರಾದರೆ ಮೊದಲಿನಂತೆಯೇ "ಆರಾಮದೀರೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಇಂದು ಹೇಳೋಣ, ನಾಳೆ ಹೇಳೋಣ ಎಂದು ಒಂದು ಮಳೆಗಾಲ ಹೋಯಿತು. ಗುಲಾಬಿಯ ತಾಯಿಗಿಡ ಆ ಮಳೆಗೆ ಸತ್ತಿತು. ನಂತರ ಹೇಳುವುದು ಇನ್ನೂ ಕಷ್ಟವಾಯಿತು. ಮೊದಲ ದಿನ ಒಂದು ತಪ್ಪು ಮಾತ್ರ ಒಪ್ಪಿಕೊಳ್ಳಬೇಕಿತ್ತು, ಆಮೇಲೆ ಮೌನವಾಗಿದ್ದ ಪ್ರತಿ ದಿನವನ್ನೂ ಒಪ್ಪಿಕೊಳ್ಳಬೇಕಾಗಿತ್ತು.

ಬೆರೆತ ಬೀಜಗಳನ್ನು ಬಿತ್ತಿದೆ. ಹೆಚ್ಚಿನವು ಬರೀ ಕಿತ್ತಳೆ, ಕೆಲವು ಕಿತ್ತಳೆಯೂ ಅಲ್ಲದ ಗುಲಾಬಿಯೂ ಅಲ್ಲದ ಮಂಕು ಬಣ್ಣ. ಒಂದು ಮಾತ್ರ ನಮ್ಮನ್ನು ನಿಲ್ಲಿಸಿತು. ಹೊರಗೆಲ್ಲ ಗಾಢ ಗುಲಾಬಿ, ಗಂಟಲಿನಲ್ಲಿ ಅರಿಶಿನದ ಒಂದು ಬೊಟ್ಟು, ಎಸಳಿನ ಅಂಚು ರವಿಕೆಯ ಝಾಲರಿಯಂತೆ ಸಣ್ಣಗೆ ಅಲೆ ಅಲೆ. ಗಿಡ ಕುಳ್ಳು, ಗಟ್ಟಿ. ಟೊಂಗೆ ನೆಟ್ಟರೆ ಹತ್ತರಲ್ಲಿ ಹತ್ತೂ ಬೇರು ಬಿಟ್ಟವು. ಎರಡು ವರ್ಷ ಬೆಳೆಸಿ, ಪರೀಕ್ಷಿಸಿ ನೋಡಿದೆವು, ಬಣ್ಣ ಕದಲಲಿಲ್ಲ. ಮಾರ್ಟಿನ್ ಸಾಹೇಬರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಅವರು ಇಡೀ ಜೀವಮಾನ ಕಾದಿದ್ದ ಹೂವು ಇದು. ಒಂದು ದಿನ ಬೆಳಿಗ್ಗೆ ರಿಜಿಸ್ಟರು ತಂದು ನನ್ನ ಮುಂದಿಟ್ಟರು. "ಬಾಯ್, ತಳಿಯ ನೋಂದಣಿಗೆ ಕಳಿಸೋಣ. ತಾಯಿ ಗುಲಾಬಿ, ತಂದೆ ಕುಳ್ಳ ಕಿತ್ತಳೆ ಎಂದು ಬರೆ. ಬಣ್ಣವೇ ಹೇಳುತ್ತಿದೆಯಲ್ಲ" ಎಂದರು. ಹಾಗೇ ಸಾಲಿನ ಮೇಲೆ ಬೆರಳಾಡಿಸುತ್ತ ಬಂದು ಒಂದು ಅಂಕಣದ ಬಳಿ ನಿಲ್ಲಿಸಿದರು. "ತಲೆ ಖಾಲಿ ಇದೆ. ಯಲ್ಲವ್ವನನ್ನು ಕರೆ."

ಅವಳು ಒದ್ದೆ ಸೀರೆಯ ನೆರಿಗೆ ಹಿಂಡಿಕೊಳ್ಳುತ್ತ ಬಂದು ಹೊಸ್ತಿಲಲ್ಲೇ ನಿಂತಳು. ಒಳಗೆ ಕಾಲಿಡಲಿಲ್ಲ. ಹೂ ಹೊರಗೇ ತೆಗೆದುಕೊಂಡಳು, ಹೊರಗೇ ಕುಳಿತು ಕಟ್ಟಿದಳು. ದಿನವಿಡೀ ಬಿಸಿಲಲ್ಲಿ ಪೈಪು ಎಳೆದು ಸಂಜೆ ಮತ್ತೆ ಹೊಸ್ತಿಲಿಗೆ ಬಂದು ಬೆನ್ನು ತಿರುಗಿಸಿದಳು. ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಒಂದು ಎಸಳೂ ಸುರುಟಿರಲಿಲ್ಲ. ಸಾಹೇಬರು ಗೋದಾಮಿಗೆ ಹೋಗಿದ್ದರು. ನಾನೇ ಅವಳ ಹತ್ತಿರ ಹೋದೆ.

"ಹ್ಯಾಂಗನಸ್ತು, ಯಲ್ಲವ್ವಾ?"

"ಹೂವು ಭಾಳ ಚಲೋ ಐತ್ರಿ ಅಕ್ಕಾರ. ತಲಿ ಮ್ಯಾಲೆ ಐತಿ ಅನ್ನೂದಽ ಗೊತ್ತಾಗಲಿಲ್ಲ."

ಅಲ್ಲಿ ನಿಂತು ನನಗೆ ತಡೆಯಲಾಗಲಿಲ್ಲ. "ಯಲ್ಲವ್ವಾ, ಅವತ್ತ ಆ ಕಾಯಿ ಸಿಡಿಸಿದಾಕಿ ನಾನು. ಒದ್ದಿ ಬಟ್ಟ್ಯಾಗ ಸುತ್ತಿ ಕಲಂಗುಟ್ಟಿಗೆ ಒಯ್ದಿದ್ದೆ" ಎಂದೆ.

ಅವಳು ಆಶ್ಚರ್ಯಪಡಲಿಲ್ಲ. ದಂಡೆಯನ್ನು ತುರುಬಿನಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. "ಗೊತ್ತೈತ್ರಿ. ಮರದಿನ ಮುಂಜಾನೆ ಆ ಬಟ್ಟಿ ಒಗದಾಕಿ ನಾನಽ ಅಲ್ರಿ? ಬಟ್ಟಿ ತುಂಬ ಬೀಜದ ಅಂಟು ಇತ್ತು."

"ಮತ್ತ ನನ್ನ ಕೈಯಾಗಿಂದ ಅಂತ ಯಾಕ ಅಂದಿ?"

"ಸಾಯೇಬ್ರು ಕೇಳಿದ್ರು. ನೀವು ಸುಮ್ಮನ ನಿಂತ್ರಿ. ಯಾರರ ಒಬ್ಬರು ಮಾತಾಡಬೇಕಿತ್ತಲ್ರಿ ಅಕ್ಕಾರ."

ಇಷ್ಟು ಹೇಳಿ ದಂಡೆಯನ್ನು ನನ್ನ ಕೈಗೆ ಕೊಟ್ಟು ಹೋದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು ಅಷ್ಟೇ. ನಾನು ಗೋದಾಮಿಗೆ ಹೋಗಿ, ಗೊಬ್ಬರದ ಚೀಲ ಎಣಿಸುತ್ತಿದ್ದ ಮಾರ್ಟಿನ್ ಸಾಹೇಬರಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಎಣಿಕೆ ನಿಲ್ಲಿಸಿ ಕೇಳಿದರು. ಶೆಡ್ಡಿಗೆ ಬಂದು ರಿಜಿಸ್ಟರು ತೆರೆದು, ಪೆನ್ಸಿಲ್ ನನ್ನ ಕಡೆ ಸರಿಸಿದರು.

"ಬೀಜ ಬೆರೆತದ್ದು ಅವತ್ತೇ ನನಗೆ ಗೊತ್ತಿತ್ತು. ಆದರೂ ಬಣ್ಣ ನೋಡಿ ತಾಯಿಯ ಹೆಸರು ಹೇಳಿಬಿಟ್ಟೆ. ಆಸೆ" ಎಂದರು. "ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆ."

ತಾಯಿ: ತಿಳಿಯದು. ತಂದೆ: ತಿಳಿಯದು. ಕಾರಣ: ಒದ್ದೆ ಬಟ್ಟೆಯಲ್ಲಿ ಬೀಜ ಬೆರೆತವು, ತಪ್ಪು ನನ್ನದು. ಕೆಳಗೆ ಸಹಿ ಹಾಕಿದೆ. ನೋಂದಣಿಯ ಅರ್ಜಿಯನ್ನು ಅವರು ಅಂದೇ ಹರಿದುಹಾಕಿದರು. ತಾಯಿತಂದೆ ಗೊತ್ತಿಲ್ಲದ ಗಿಡಕ್ಕೆ ತನ್ನ ಹೆಸರು ಹಾಕಿಕೊಳ್ಳುವ ಮನುಷ್ಯ ಅವರಲ್ಲ. ಆ ಹೂವು ಯಾವ ಹೆಸರೂ ಇಲ್ಲದೆ, ಬರೀ ಗುಲಾಬಿ ಅಬೋಲಿಯಾಗಿ ಹೋಟೆಲುಗಳಿಗೆ ಹೋಯಿತು, ಅಲ್ಲಿಂದ ಮನೆಮನೆಯ ಅಂಗಳಕ್ಕೆ ಹೋಯಿತು. ಶೆಡ್ಡೂ ಉಳಿಯಿತು. ಈಗ ಗೋವೆಗೆ ಹೋದರೆ ಯಾರದೋ ಮೆಟ್ಟಿಲ ಪಕ್ಕದಲ್ಲಿ ಅದನ್ನು ಕಾಣುತ್ತೇನೆ. ಎಲ್ಲಿಂದ ತಂದಿರಿ ಎಂದು ಕೇಳಿದರೆ ಪಕ್ಕದ ಮನೆಯಿಂದ ಎನ್ನುತ್ತಾರೆ.

ಸಹಿ ಹಾಕಿದ ಮರುದಿನ ಬೆಳಿಗ್ಗೆ ಮಾರ್ಟಿನ್ ಸಾಹೇಬರು ಟೋಪಿ ಹಾಕಿಕೊಂಡು, "ನೀನೂ ಬಾ" ಎಂದು ಹೊರಗಿನ ಅಂಗಳಕ್ಕೆ ಹೋದರು. ಎಲ್ಲ ಹೆಂಗಸರ ಮುಂದೆ ಯಲ್ಲವ್ವನ ಎದುರು ಟೋಪಿ ತೆಗೆದು, ಅವರಿಗೆ ಬರುತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ, "ತಪ್ಪಾತು ಯಲ್ಲವ್ವಾ. ನಾಳಿಂದ ಒಳಗ ಬಾ" ಎಂದರು. ನಾನೂ ಕೈಮುಗಿದೆ. ಅವಳು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಬೇರೆ ಕಡೆ ತಿರುಗಿಸಿದಳು, ನಮ್ಮ ಮೇಲೆ ಸಿಡಿಯದಿರಲೆಂದು.

"ಒಲ್ಲೆರಿ ಸಾಯೇಬ್ರ. ಇಲ್ಲೇ ಆರಾಮ ಅದೀನ್ರಿ" ಎಂದಳು. ನಾನು ಒತ್ತಾಯ ಮಾಡಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡಿ, ಮೆಲ್ಲಗೆ ಹೇಳಿದಳು: "ಇಲ್ಲೆ ನೀರು ಚೆಲ್ಲಿದ್ರ ಯಾರೂ ಏನೂ ಕೇಳಂಗಿಲ್ರಿ ಅಕ್ಕಾರ."

ಆಮೇಲೆ ನಾನು ಮೂರು ವರ್ಷ ಆ ಶೆಡ್ಡಿನಲ್ಲಿ ಕೆಲಸ ಮಾಡಿದೆ. ಒಳ್ಳೆಯ ಬಣ್ಣಗಳು ಬಂದವು, ಕೆಲವನ್ನು ಇಟ್ಟುಕೊಂಡೆ, ಹೆಚ್ಚಿನವನ್ನು ಎಸೆದೆ. ಆ ಮೂರು ವರ್ಷದ ರಿಜಿಸ್ಟರು ತೆಗೆದು ನೋಡಿದರೆ ತಲೆ ಎಂಬ ಅಂಕಣದಲ್ಲಿ ಏನೂ ಬರೆದಿಲ್ಲ.